ಭಾನುವಾರದ ಆಟಕ್ಕೆ ಜನ ಬೇಕಾಗಿದ್ದಾರೆ

ಸೊಸೆಯ ಕೋಣೆಯ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಒಳಗಿನ ಮಾತು ಕೇಳಿಸಿಕೊಳ್ಳುವ ಅತ್ತೆಯನ್ನು ಲೋಕ ಏನೆನ್ನುತ್ತದೆಂದು ನನಗೆ ಗೊತ್ತು. ಆದರೂ ಹೇಳಿಬಿಡುತ್ತೇನೆ, ಸುಮಾರು ಒಂದು ವರ್ಷ ನಾನು ಆ ಕೆಲಸ ಮಾಡಿದ್ದೇನೆ. ನೆಪಕ್ಕೆ ಮಡಿಲಲ್ಲಿ ಒಂದು ಮೊರ ಇರುತ್ತಿತ್ತು. ಅವರೆಕಾಯಿ ಕಾಲದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅದು ಮುಗಿದ ಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಈಗಿನ ಅಂಗಡಿ ಅಕ್ಕಿಯಲ್ಲಿ ಕಲ್ಲೆಲ್ಲಿರುತ್ತದೆ? ಸುಮ್ಮನೆ ಅಕ್ಕಿಯನ್ನು ಮೊರದ ಈ ಕಡೆಯಿಂದ ಆ ಕಡೆಗೆ ತಳ್ಳಿ, ಮತ್ತೆ ಈ ಕಡೆಗೆ ಎಳೆದುಕೊಳ್ಳುತ್ತಿದ್ದೆ.

ಒಳಗೆ ಗುಟ್ಟಿನ ಮಾತೇನೂ ನಡೆಯುತ್ತಿರಲಿಲ್ಲ. ನಡೆಯುತ್ತಿದ್ದದ್ದು ಒಂದು ಕಥೆ. ನನ್ನ ಸೊಸೆ ಸಿಂಧು ಹೊಸಕೋಟೆಯ ಹೊರಗೆ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಮಿಸ್ಟು. ವಾರವೆಲ್ಲ ಬಿಳಿ ಕೋಟು ತೊಟ್ಟು ಮಾತ್ರೆಗಳ ಗುಣ ಪರೀಕ್ಷೆ ಮಾಡುವ ಹುಡುಗಿ ಭಾನುವಾರ ಮಧ್ಯಾಹ್ನ ಊಟವಾದೊಡನೆ ಕಂಪ್ಯೂಟರಿನ ಮುಂದೆ ಕೂತು ನಾಲ್ಕೈದು ಜನಕ್ಕೆ ಕಥೆ ಆಡಿಸುತ್ತಾಳೆ. ಆಡುವವರು ಅವರವರ ಊರಿನಲ್ಲಿ, ಅವರವರ ಮನೆಯಲ್ಲಿ ಇರುತ್ತಾರೆ. ಒಬ್ಬ ಬಿಲ್ಲುಗಾರನಾಗುತ್ತಾನೆ, ಒಬ್ಬಳು ವೈದ್ಯಳಾಗುತ್ತಾಳೆ, ಇನ್ನೊಬ್ಬ ಕಳ್ಳನಾಗುತ್ತಾನೆ. "ನಿಮ್ಮ ಮುಂದೆ ಹೊಳೆ ಇದೆ, ಸೇತುವೆ ಮುರ್ದಿದೆ, ಏನ್ ಮಾಡ್ತೀರಾ?" ಎಂದು ಸಿಂಧು ಕೇಳುತ್ತಾಳೆ. ಅವರು ಏನಾದರೊಂದು ಹೇಳುತ್ತಾರೆ. ಹೇಳಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ನೋಡುತ್ತಾರೆ. ಹೀಗೆ ಕಥೆ ಮುಂದಕ್ಕೆ ಹೋಗುತ್ತದೆ. ಆಡಿಸುವವರಿಗೆ ಗೇಮ್ ಮಾಸ್ಟರ್ ಎಂದು ಹೆಸರಂತೆ. ಆ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ನನಗೆ ನಮ್ಮ ಶಾಲೆಯ ಡ್ರಿಲ್ ಮಾಸ್ಟರು ನೆನಪಾಗಿ, ಸಿಂಧುವಿನ ಕೊರಳಲ್ಲಿ ಪೀಪಿ ಕಾಣದೆ ಸ್ವಲ್ಪ ನಿರಾಸೆಯೇ ಆಗಿತ್ತು.

ಅವಳ ಕಥೆಯಲ್ಲಿ ಒಂದು ಊರಿನ ಕೆರೆ ಕಳುವಾಗಿತ್ತು. ಬತ್ತಿರಲಿಲ್ಲ, ಏರಿ ಒಡೆದಿರಲಿಲ್ಲ. ಬೆಳಗ್ಗೆ ಎದ್ದು ಜನ ಕೊಡ ಹಿಡಿದು ಹೋದರೆ ಕೆರೆಯಿದ್ದ ಕಡೆ ಬರೀ ಹಸಿಮಣ್ಣು, ನಡುವೆ ದಿಕ್ಕು ತೋಚದೆ ನಿಂತ ಒಂದು ಕೊಕ್ಕರೆ. ಕದ್ದವರು ಯಾರು? ನನಗಂತೂ ಆ ಊರಿನ ಪಟೇಲನ ಮೇಲೆ ಅನುಮಾನ. ಸಂಜೆ ನಮ್ಮೂರ ಕೆರೆ ಏರಿಯ ಮೇಲೆ ನಡೆಯುವಾಗಲೂ ಅದೇ ಯೋಚನೆ. ಜೊತೆಗೆ ಬರುವ ನಮ್ಮ ಯಜಮಾನರು "ಏನ್ ಯೋಚ್ನೆ?" ಎಂದರೆ "ಪಟೇಲಂದು" ಎನ್ನುತ್ತಿದ್ದೆ. ಅವರು ಯಾವ ಪಟೇಲ ಎಂದು ಕೇಳುತ್ತಿರಲಿಲ್ಲ. ಮದುವೆಯಾಗಿ ಬಹಳ ಕಾಲವಾದವರ ನಡುವೆ ಇಂಥ ಸೌಕರ್ಯಗಳಿರುತ್ತವೆ.

ಕೆರೆ ಹುಡುಕಿ ಹೊರಟವರು ಒಂದು ಬೆಟ್ಟ ಹತ್ತಿ, ಕಲ್ಲಿನ ಬಾಗಿಲೊಂದರ ಮುಂದೆ ಬಂದು ನಿಂತರು. ಆ ಭಾನುವಾರವೇ ಆಟ ಮುರಿದುಬಿತ್ತು.

ಆಡುತ್ತಿದ್ದವರು ಕೆಟ್ಟವರೇನಲ್ಲ. ಬೇರೆ ಬೇರೆಯಾಗಿ ನೋಡಿದರೆ ಮನೆಗೆ ಕರೆದು ಊಟಕ್ಕಿಕ್ಕಬಹುದಾದ ಮಂದಿಯೇ. ಒಟ್ಟಿಗೆ ಕೂರಿಸಿದರೆ ಮಾತ್ರ ಆಗದು. ಒಬ್ಬ ಹುಡುಗನಿಗೆ ಕಂಡವರನ್ನೆಲ್ಲ ಹೊಡೆಯಬೇಕು, ದಾರಿಯಲ್ಲಿ ಎಳನೀರು ಮಾರುತ್ತಿದ್ದವನನ್ನೂ ಬಿಡಲಿಲ್ಲ. ಒಬ್ಬಳಿಗೆ ಅದೇ ಎಳನೀರಿನವನ ಪಕ್ಕ ಕೂತು ಅವನ ಮಗಳ ಮದುವೆ ಎಲ್ಲಿಯವರೆಗೆ ಬಂತೆಂದು ವಿಚಾರಿಸಬೇಕು. ಇನ್ನೊಬ್ಬರಿಗೆ ಆಟಕ್ಕಿಂತ ಆಟದ ನಿಯಮ ದೊಡ್ಡದು. ಮತ್ತೊಬ್ಬರು ಇದ್ದಾರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅವರ ಸರದಿ ಬಂದಾಗ ಕುಕ್ಕರಿನ ವಿಷಲ್ ಕೇಳಿಸುತ್ತಿತ್ತು. ಕಲ್ಲಿನ ಬಾಗಿಲನ್ನು ಒಡೆಯಬೇಕೆಂದು ಹುಡುಗ, ತಟ್ಟಿ ನೋಡಬೇಕೆಂದು ಹುಡುಗಿ. ಮಾತಿಗೆ ಮಾತು ಬೆಳೆದು, ಅವನು ಅವಳ ಭಾಷೆಯನ್ನು ಆಡಿಕೊಂಡು, ಅವಳು ಎದ್ದುಹೋಗಿ, ಅವಳ ಹಿಂದೆ ಉಳಿದವರೂ ಎದ್ದುಹೋದರು. ಸಿಂಧು ಹೊರಗೆ ಬಂದು ನನ್ನೆದುರು ಕೂತಳು.

"ಇನ್ನ್ ಆಡ್ಸಲ್ಲ ಅತ್ತೆ. ಸಾಕಾಯ್ತು."

ಮುಂದಿನ ಭಾನುವಾರ ಅವಳು ಬೀರು ಜೋಡಿಸಿದಳು. ಅದರ ಮುಂದಿನ ಭಾನುವಾರ ಪರದೆಗಳನ್ನು ಒಗೆದಳು. ನನ್ನ ಮಗ ಹರೀಶನಿಗೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸರಕಿನ ವಿಭಾಗದ ಕೆಲಸ, ಅವನ ಪಾಳಿಗೆ ಭಾನುವಾರ ಸೋಮವಾರವೆಂಬ ಭೇದವಿಲ್ಲ. ಅವನು ಮನೆಗೆ ಬಂದು ನೋಡಿದರೆ ಅವನ ಕಾಲುಚೀಲಗಳಿಗೂ ಇಸ್ತ್ರಿಯಾಗಿತ್ತು. "ಅಮ್ಮ, ಸಿಂಧುಗೆ ಏನಾಗಿದೆ?" ಎಂದು ನನ್ನನ್ನು ಕೇಳಿದ. ಅವಳಿಗೆ ಏನಾಗಿದೆಯೋ ನೋಡೋಣ, ನನಗೇನಾಗಿದೆ ಎಂದು ಕೇಳುವವರು ಯಾರು? ನನ್ನ ಕೆರೆ ಇನ್ನೂ ಸಿಕ್ಕಿರಲಿಲ್ಲ! ಕೊನೆಗೆ ತಡೆಯಲಾರದೆ ಬಾಯಿಬಿಟ್ಟೆ.

"ಆ ಕಲ್ಲಿನ ಬಾಗ್ಲ ಹಿಂದೆ ಏನಿತ್ತಮ್ಮ?"

ಸಿಂಧು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ನೀವು ಕೇಳಿಸ್ಕೊತಿದ್ರಾ?"

"ಸ್ವಲ್ಪ ಸ್ವಲ್ಪ."

"ಯಾವಾಗ್ನಿಂದ?"

"ಕೆರೆ ಹೋದಾಗ್ನಿಂದ."

ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಿದ್ದು. ಆದರೆ ಬಾಗಿಲ ಗುಟ್ಟು ಮಾತ್ರ ಹೇಳಲಿಲ್ಲ. "ಹೇಳಕ್ಕಾಗಲ್ಲ ಅತ್ತೆ. ಆಡೋರು ಬಾಗ್ಲು ತೆಗೆದ್ರೇನೇ ಅದ್ರ ಹಿಂದೆ ಏನಾದ್ರೂ ಇರೋದು."

ಹಾಗಾದರೆ ಆಡುವವರು ಬೇಕು. ಜನ ಹುಡುಕುವ ಕೆಲಸ ನಾನೇ ಮಾಡುತ್ತೇನೆಂದೆ. ಈ ಧೈರ್ಯ ಎಲ್ಲಿಂದ ಬಂತೆಂದು ಕೇಳಿದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಕೆಲಸಕ್ಕೆ ಸೇರಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ. ಫೋನಿನಲ್ಲಿ ನಂಬರು ಒತ್ತಿದರೆ ಊರಿಂದೂರಿಗೆ ಮಾತು ಹೋಗುವ ಕಾಲವಲ್ಲ ಅದು. ಟ್ರಂಕ್ ಕಾಲ್ ಬುಕ್ ಮಾಡಬೇಕು, ನಾವು ತಂತಿ ಚುಚ್ಚಿ ಇಬ್ಬರನ್ನು ಸೇರಿಸಬೇಕು. "ಹಲೋ" ಎಂಬ ಒಂದೇ ಮಾತಿನ ಮೇಲೆ ಸಾವಿನ ಸುದ್ದಿಯೋ, ಗಂಡು ಮಗು ಹುಟ್ಟಿದೆಯೋ, ಲಾರಿ ಲೋಡು ಸಿಕ್ಕಿಲ್ಲವೋ ಎಂದು ನಾವು ಹೇಳುತ್ತಿದ್ದೆವು. ಆಮೇಲೆ ಯಂತ್ರಗಳು ಬಂದವು, ನಮ್ಮನ್ನು ಬಿಲ್ ಕೌಂಟರಿನಲ್ಲಿ ಕೂರಿಸಿದರು, ಅಲ್ಲಿಂದಲೇ ನಿವೃತ್ತಿಯಾಯಿತು. ಆದರೆ ದನಿ ಕೇಳಿ ಮನುಷ್ಯರ ಗುಣ ಅಳೆಯಬಲ್ಲೆ ಎಂಬ ಹಮ್ಮು ನಿವೃತ್ತಿಯಾಗಿರಲಿಲ್ಲ.

ಸಿಂಧು ಇಂಥ ಆಟದವರೇ ಇರುವ ಒಂದು ಗುಂಪಿನಲ್ಲಿ, ಭಾನುವಾರದ ಆಟಕ್ಕೆ ಜನ ಬೇಕಾಗಿದ್ದಾರೆ, ಮೊದಲು ನಮ್ಮ ಅತ್ತೆ ಫೋನ್ ಮಾಡಿ ಮಾತಾಡುತ್ತಾರೆ ಎಂದು ಬರೆದಳು. ಅತ್ತೆ ಎಂಬ ಮಾತಿಗೆ ಹೆದರಿ ಯಾರೂ ಬರಲಾರರೆಂದು ನಮ್ಮ ಯಜಮಾನರು ಭವಿಷ್ಯ ನುಡಿದರು. ಬಂದರು. ಬೇಕಾದಷ್ಟು ಜನ ಬಂದರು.

ಅವರಲ್ಲಿ ರಘುನಂದನ ಎಂಬುವರೊಬ್ಬರು. ಮೈಸೂರಿನವರು, ನಲವತ್ತರ ಆಸುಪಾಸು. ಅಂಥ ಕಂಠವನ್ನು ನನ್ನ ಇಡೀ ನೌಕರಿಯಲ್ಲಿ ಕೇಳಿರಲಿಲ್ಲ. "ನಮಸ್ಕಾರ ಮೇಡಂ. ತಾವು ಇಷ್ಟು ಆಸ್ಥೆಯಿಂದ ವಿಚಾರಿಸ್ತಿರೋದು ಬಹಳ ಸಂತೋಷ" ಎಂದರು. ಬೆಲ್ಲದ ಪಾಕ ಎಳೆಯಾಗಿ ಇಳಿದಂತಿತ್ತು. ನಾನು ಆಟದ ವಿಷಯ ಒಂದೂ ಕೇಳಲಿಲ್ಲ. ಅಂಥವರನ್ನು ಕೇಳುವುದುಂಟೆ?

ಅದೇ ದಿನ ನೇತ್ರಾವತಿ ಎಂಬ ಹೆಂಗಸಿಗೂ ಫೋನ್ ಮಾಡಿದೆ. ಚಿಂತಾಮಣಿಯವಳು. ಹಲೋ ಎನ್ನುವ ಮೊದಲೇ ಕಿವಿಯಲ್ಲಿ ತಗಡು ಹರಿದ ಹಾಗಾಯಿತು.

"ಯಾರಮ್ಮಾ? ಬ್ರೇಕು, ಬ್ರೇಕು ಒತ್ತಪ್ಪಾ! ನಿಮ್ಗಲ್ಲ. ಹೇಳಿ ಬೇಗ."

"ಭಾನುವಾರದ ಆಟಕ್ಕೆ ಸೇರ್ತೀನಿ ಅಂದಿದ್ರಲ್ಲ..."

"ಸೇರ್ತೀನಿ ಅಂತ ಬರ್ದಿದೀನಲ್ಲಮ್ಮ, ಇನ್ನೇನ್ ಹೇಳ್ಬೇಕು? ಎಡಕ್ಕೆ, ಎಡಕ್ಕೆ!" ಎಂದು ಫೋನಿಟ್ಟಳು. ಕಾರು ಕಲಿಸುವ ಶಾಲೆ ನಡೆಸುತ್ತಾಳೆಂದು ಆಮೇಲೆ ತಿಳಿಯಿತು. "ಇವ್ಳು ಬೇಡ ಕಣಮ್ಮ, ಜೋರು" ಎಂದು ಸಿಂಧುವಿಗೆ ತೀರ್ಪು ಕೊಟ್ಟೆ. ರಘುನಂದನರನ್ನೂ ಇಂಪಾದ ದನಿಯ ಇನ್ನು ಮೂವರನ್ನೂ ಆರಿಸಿದೆ. ಆಕಾಶವಾಣಿಗೆ ಜನ ತೆಗೆದುಕೊಂಡ ಹಾಗೆ.

ಮೊದಲ ಭಾನುವಾರ ಮೊರ ಹಿಡಿದು ಕೂತೆ. ರಘುನಂದನರು ತಮ್ಮ ಪಾತ್ರವನ್ನು ಪರಿಚಯಿಸಲು ಶುರುಮಾಡಿದರು. ಅವರು ಒಬ್ಬ ಅಲೆಮಾರಿ ಯೋಧ. ಆ ಯೋಧನ ಅಜ್ಜ ಎಲ್ಲಿಂದ ಬಂದ, ಅಜ್ಜನ ಕತ್ತಿಯ ಹಿಡಿ ಯಾವ ಮರದ್ದು, ಆ ಮರದ ಮೇಲೆ ಯಾವ ಹಕ್ಕಿ ಕೂರುತ್ತಿತ್ತು. ಸಿಂಧು "ಸರಿ ಸರ್, ಈಗ ಬೇರೆಯವ್ರೂ..." ಎಂದರೆ "ಖಂಡಿತ, ಖಂಡಿತ" ಎಂದು ಹಕ್ಕಿಯಿಂದ ಗೂಡಿಗೆ ಹೋದರು. ಎರಡನೆಯ ವಾರ ಬೇರೆಯವರ ಪಾತ್ರಗಳು ಏನು ಯೋಚಿಸುತ್ತಿವೆ ಎಂಬುದನ್ನೂ ಅವರೇ ಹೇಳತೊಡಗಿದರು. ಮೂರನೆಯ ವಾರ ಕಲ್ಲಿನ ಬಾಗಿಲ ಮುಂದೆ ಬಂದರಲ್ಲ ಎಂದು ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡರೆ, ಅವರು ಬಾಗಿಲ ಮೇಲಿನ ಕೆತ್ತನೆಯನ್ನು ವರ್ಣಿಸಲು ನಿಂತರು. ಆನೆಗಳೇ ಮುಗಿಯಲಿಲ್ಲ. ಉಳಿದ ಮೂವರಲ್ಲಿ ಒಬ್ಬರಿಗೆ ಆ ವಾರವೇ ನೆಂಟರು ಬಂದಿದ್ದರು. ಇನ್ನೊಬ್ಬರು ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಿದರು.

ಸಿಂಧು ನನ್ನನ್ನು ಒಂದು ಮಾತು ಅನ್ನಲಿಲ್ಲ. "ಪರ್ವಾಗಿಲ್ಲ ಬಿಡಿ ಅತ್ತೆ" ಎಂದಳು. ಬೈದಿದ್ದರೆ ಎದುರು ವಾದಿಸಬಹುದಿತ್ತು. ಈ ಪರವಾಗಿಲ್ಲ ಎಂಬುದರ ಜೊತೆ ಹೇಗೆ ವಾದಿಸುವುದು? ಆರಿಸಿದವಳು ನಾನು, ಬೇಡವೆಂದು ಹೇಳಬೇಕಾದವಳೂ ನಾನೇ.

ಸೋಮವಾರ ಮಧ್ಯಾಹ್ನ ರಘುನಂದನರಿಗೆ ಫೋನ್ ಮಾಡಿದೆ. ಆ ಕಡೆಯಿಂದ ಪಿಸುಮಾತು ಬಂತು. "ಲೈಬ್ರರೀಲಿದೀನಿ ಮೇಡಂ, ಹೊರಗ್ ಬರ್ತೀನಿ ತಾಳಿ." ಬಾಗಿಲು ಮುಚ್ಚಿದ ಸದ್ದಾಯಿತು. ಬೆಲ್ಲದ ಪಾಕ ಇರಲಿಲ್ಲ. ಸಾದಾ ದನಿಯಲ್ಲಿ, "ಮುಂದಿನ ವಾರದಿಂದ ಬರ್ಬೇಡಿ ಅಂತ ಹೇಳೋಕ್ ಮಾಡಿದ್ರಾ?" ಎಂದರು.

ನಾನು ಹೌದೆನ್ನುವ ಮೊದಲೇ ಅವರೇ ಮುಂದುವರಿಸಿದರು. "ಫೋನ್ ಮಾಡಿದ್ರಲ್ಲ, ಅದೇ ದೊಡ್ಡದು. ಇದಕ್ಕೆ ಮುಂಚೆ ಬೇರೆ ಕಡೆನೂ ಆಡ್ತಿದ್ದೆ. ಒಂದ್ ವಾರ ಕರೆಯೋದು ನಿಲ್ಲಿಸ್ಬಿಡ್ತಾರೆ. ಅಷ್ಟೇ. ಯಾಕೆ ಅಂತ ಯಾರೂ ಹೇಳಲ್ಲ. ಏನ್ ತಪ್ಪು ಮಾಡ್ತೀನಿ ಮೇಡಂ ನಾನು?"

ಎಕ್ಸ್‌ಚೇಂಜಿನಲ್ಲಿದ್ದಾಗ ನಾವು ಬರೀ ಸೇರಿಸುತ್ತಿದ್ದೆವು, ಕಷ್ಟದ ಮಾತನ್ನು ಆ ತುದಿ ಈ ತುದಿಯವರು ಆಡಿಕೊಳ್ಳುತ್ತಿದ್ದರು. ಈಗ ಒಂದು ತುದಿಯಲ್ಲಿ ನಾನೇ ಇದ್ದೆ. "ನೀವು ಜಾಸ್ತಿ ಮಾತಾಡ್ತೀರಪ್ಪ" ಎಂದೆ. "ಚೆನ್ನಾಗೇ ಮಾತಾಡ್ತೀರ. ಆದ್ರೆ ಬೇರೆಯವ್ರಿಗೆ ಜಾಗ ಉಳಿಯಲ್ಲ."

  ಅವರು ಮೆಲ್ಲಗೆ ಕೇಳಿದರು. "ನನ್ ಕೆಲ್ಸ ಏನ್ ಗೊತ್ತಾ ಮೇಡಂ? ಕಾಲೇಜಿನ ಲೈಬ್ರರಿಯನ್. ಬೆಳಗ್ಗೆಯಿಂದ ಸಂಜೆವರ್ಗೂ ಹುಡುಗ್ರಿಗೆ 'ಶ್' ಅನ್ನೋದು. ಬೇರೆ ಮಾತೇ ಇಲ್ಲ. ಭಾನುವಾರ ಬಂದ್ರೆ ನಿಲ್ಲಿಸೋಕೆ ಆಗಲ್ಲ."

ನನಗೆ ನಗು ಬಂದುಬಿಟ್ಟಿತು. ಹೇಗೆ ಬಂತೋ, ತಡೆಯಲಾಗಲಿಲ್ಲ. ಅವರೂ ನಕ್ಕರು. "ನಿಮ್ಮ ಮಾತು ಬೇಕು ಅನ್ನೋ ಜಾಗ ಹುಡುಕ್ತೀನಿ" ಎಂದೆ. "ಸಿಗದಿದ್ರೂ ಫೋನ್ ಮಾಡಿ ಸಿಗ್ಲಿಲ್ಲ ಅಂತ ಹೇಳ್ತೀನಿ. ಸುಮ್ನೆ ಬಿಟ್ಬಿಡಲ್ಲ."

ಫೋನಿಟ್ಟ ಮೇಲೆ ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡು, ಅದನ್ನು ಕುಡಿಯುವುದು ಮರೆತು ಯೋಚಿಸುತ್ತ ಕೂತೆ. ನಾನು ಇಷ್ಟು ದಿನ ಜನರನ್ನು ನೋಡಿದ್ದು ಅವರು ಹೇಗಿದ್ದಾರೆಂದು. ಆದರೆ ಭಾನುವಾರದ ಆಟಕ್ಕೆ ಯಾರೂ ತಾವು ಇದ್ದ ಹಾಗೆ ಬರುವುದಿಲ್ಲ, ವಾರವೆಲ್ಲ ಏನು ಸಿಗಲಿಲ್ಲವೋ ಅದನ್ನು ಹುಡುಕಿಕೊಂಡು ಬರುತ್ತಾರೆ. ಸಿಂಧುವಿನ ವಿಷಯವೇ ಹಾಗಲ್ಲವೇ? ಕಾರ್ಖಾನೆಯಲ್ಲಿ ಎಲ್ಲವೂ ಅಳತೆಯ ಪ್ರಕಾರ, ಒಂದು ಚೂರು ಹೆಚ್ಚುಕಡಿಮೆಯಾದರೆ ಇಡೀ ತಯಾರಿ ವಾಪಸ್. ಅಂಥವಳಿಗೆ ಯಾರೇನು ಮಾಡುತ್ತಾರೋ ಗೊತ್ತಿಲ್ಲದ ಒಂದು ಮಧ್ಯಾಹ್ನ ಬೇಕು.

ಅಂದಿನಿಂದ ನಾನು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳತೊಡಗಿದೆ. ವಾರವೆಲ್ಲ ನಿಮಗೆ ಸಿಗದೇ ಇರೋದೇನು? ಕೆಲವರು ಇದೇನು ಕಣಿ ಹೇಳುವವರ ಹಾಗೆ ಕೇಳುತ್ತೀರಿ ಎಂದರು. ಹೆಚ್ಚಿನವರು ನಿಜ ಹೇಳಿದರು. ಎಳನೀರಿನವನನ್ನು ಹೊಡೆದ ಹುಡುಗನನ್ನೂ ಬಿಡದೆ ಕೇಳಿದೆ. ಅವನು ಒಂದು ಶೋರೂಮಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸದವನು. "ದಿನಾ ಸಾರಿ ಸಾರ್, ಸಾರಿ ಮೇಡಂ ಅಂತ ಸಾಕಾಗ್ಬಿಟ್ಟಿದೆ ಆಂಟಿ" ಎಂದ. ಆ ಹುಡುಗಿಯ ಭಾಷೆ ಆಡಿಕೊಂಡದ್ದಕ್ಕೆ ಮೊದಲು ಅವಳಿಗೊಂದು ಸಾರಿ ಹೇಳಿಸಿದೆ, ಅಭ್ಯಾಸವಿದ್ದುದರಿಂದ ಚೆನ್ನಾಗಿಯೇ ಹೇಳಿದ. ಆಮೇಲೆ ಅವನನ್ನು ಹುಬ್ಬಳ್ಳಿಯ ಕಡೆಯ ಒಂದು ಗುಂಪಿಗೆ ಸೇರಿಸಿದೆವು. ಅಲ್ಲಿ ಎಲ್ಲರೂ ಹೊಡೆದಾಡುವವರೇ. ಆ ಕಥೆಯಲ್ಲಿ ಈಗ ಎಳನೀರು ಮಾರುವವರೇ ಉಳಿದಿಲ್ಲವಂತೆ.

ನೇತ್ರಾವತಿಗೆ ಮತ್ತೆ ಫೋನ್ ಮಾಡಲು ನಾಚಿಕೆಯಾಯಿತು. ಈ ಸಲ ಸಂಜೆ, ಅವಳು ಮನೆ ಸೇರುವ ಹೊತ್ತು ನೋಡಿ ಮಾಡಿದೆ. ತಗಡಿನ ದನಿ ಇಳಿದು ಒಣಗಿಹೋಗಿತ್ತು.

"ಸುಮ್ನಿರೋದು ಕಣಮ್ಮ" ಎಂದಳು ನನ್ನ ಪ್ರಶ್ನೆಗೆ. "ದಿನವೆಲ್ಲ ಕಿರ್ಚಿ ಕಿರ್ಚಿ ಗಂಟ್ಲು ಹರ್ದೋಗಿರ್ತದೆ. ಯಾರಾನ ಕಥೆ ಹೇಳ್ತಿದ್ರೆ ಕೇಳ್ಕೊಂಡು ಕುಂತಿರ್ಬೇಕು. ನಡುವೆ ಒಂದ್ ಮಾತು ನಂದೂ ಇರ್ಬೇಕು. ಅಷ್ಟೇ ನಂಗೆ ಬೇಕಿರೋದು."

ಆ ಭಾನುವಾರ ಅವಳು ಬಂದಳು. ಮದುವೆ ವಿಚಾರಿಸುವ ಹುಡುಗಿಯೂ ಮರಳಿ ಬಂದಳು. ಜೊತೆಗೆ ಹೊಸಬರಿಬ್ಬರು. ಮತ್ತೆ ಅದೇ ಕಲ್ಲಿನ ಬಾಗಿಲು. ಒಡೆಯುವುದೋ, ತಟ್ಟುವುದೋ, ಸುರಂಗ ತೋಡುವುದೋ ಎಂದು ಚರ್ಚೆ ಶುರುವಾಯಿತು. ಎಲ್ಲರೂ ಮಾತಾಡಿ ದಣಿದ ಮೇಲೆ ನೇತ್ರಾವತಿ ಕೇಳಿದಳು. "ಬೆಟ್ಟದ್ ಕೆಳ್ಗೆ ಒಬ್ಳು ಮುದ್ಕಿ ಕುಂತಿದ್ದಾಳೆ ಅಂದ್ರಲ್ಲ, ಸೊಂಟದಾಗೆ ಬೀಗದ ಕೈ ಗೊಂಚ್ಲು ಇತ್ತು ಅಂತ. ಆಯಮ್ಮನ್ನ ಯಾರಾನ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಸಿಂಧು ಆ ಮಾತನ್ನು ಆಟದ ಶುರುವಿನಲ್ಲೇ ಹೇಳಿದ್ದಳು, ಎಲ್ಲರೂ ತಮ್ಮ ಸರದಿಗೆ ಕಾಯುತ್ತ ಬಿಟ್ಟುಬಿಟ್ಟಿದ್ದರು. ಕೆಳಗಿಳಿದರು, ಮುದುಕಿಯನ್ನು ಒಲಿಸಿದರು, ದಾಳ ಉರುಳಿತು, ಬಾಗಿಲು ತೆರೆಯಿತು. ಒಳಗೆ ಒಂದು ದೊಡ್ಡ ಮರದ ಪೆಟ್ಟಿಗೆ. ಅದರಲ್ಲಿ ಕೆರೆಯನ್ನು ರೇಷ್ಮೆ ಸೀರೆಯಂತೆ ಮಡಿಕೆ ಮಡಿಕೆಯಾಗಿ ಮಡಿಸಿ ಇಟ್ಟಿದ್ದರು, ಮೀನುಗಳ ಸಮೇತ. ಊರಿನವರು ಕೆರೆಗೆ ಕಸ ಸುರಿಯುವುದನ್ನು ನೋಡಲಾರದೆ ಆ ಮುದುಕಿಯೇ ಎತ್ತಿಟ್ಟಿದ್ದಳಂತೆ.

"ಅಯ್ಯೋ, ಹಂಗಾದ್ರೆ ಪಟೇಲ ಅಲ್ವಾ!" ಎಂದು ನಾನು ಹೊರಗಿನಿಂದ ಕೂಗಿಬಿಟ್ಟೆ.  "ಯಾರದು?" ಎಂದು ನೇತ್ರಾವತಿ ಕೇಳಿದ್ದು ಮೂರು ಮನೆಯಾಚೆಗೂ ಕೇಳಿಸಿರಬೇಕು.

ರಘುನಂದನರಿಗೂ ಜಾಗ ಸಿಕ್ಕಿತು. ಸಿಂಧುವಿಗೆ ಪರಿಚಯದ ಚೇತನ್ ಎಂಬಾತ ತುಮಕೂರಿನಲ್ಲಿ ಹಾಸ್ಟೆಲಿನ ಹುಡುಗರಿಗೆ ಆಟ ಆಡಿಸುತ್ತಾನೆ. ಅವನ ಗೋಳು ಬೇರೆ. ಏನು ಕೇಳಿದರೂ ಆ ಹುಡುಗರು "ಹ್ಞೂಂ" ಎನ್ನುತ್ತಾರೆ, ಅದರ ಮೇಲೆ ಒಂದಕ್ಷರವಿಲ್ಲ. "ನಮ್ಮತ್ರ ಒಬ್ರಿದಾರೆ" ಎಂದೆ. ಒಂದು ತಿಂಗಳಾದ ಮೇಲೆ ರಘುನಂದನರ ಫೋನ್ ಬಂತು. ದನಿ ತುಂಬಿಕೊಂಡಿತ್ತು. "ಮೇಡಂ, ನಾನು ಮಧ್ಯ ಉಸಿರು ತಗೊಳೋಕೆ ನಿಲ್ಲಿಸಿದ್ರೆ ಈ ಹುಡುಗ್ರು 'ಆಮೇಲೆ ಸರ್?' ಅಂತಾರೆ. ಜನ್ಮದಲ್ಲಿ ಯಾರೂ ನನ್ನ 'ಆಮೇಲೆ?' ಅಂತ ಕೇಳಿರ್ಲಿಲ್ಲ."

ಹೀಗೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹರಡಿ ಈಗ ಬೇರೆ ಬೇರೆ ಊರಿನ ಗೇಮ್ ಮಾಸ್ಟರುಗಳು ನನಗೆ ಫೋನ್ ಮಾಡುತ್ತಾರೆ. ಎಲ್ಲವೂ ಸರಿಹೋಗುತ್ತದೆಂದು ಹೇಳಲಾರೆ. ಒಬ್ಬರಿಗೆ ವಾರವೆಲ್ಲ ಸಿಗದೇ ಇರುವುದು ನಿದ್ದೆ. ಅವರು ಪ್ರತಿ ಗುಂಪಿನಲ್ಲೂ ಅದನ್ನೇ ಮಾಡುತ್ತಾರೆ.

ಹೋದ ತಿಂಗಳು ಸಿಂಧುವಿನ ಆಟದಲ್ಲಿ ಒಂದು ಜಾಗ ಖಾಲಿಯಾಯಿತು. ಯಾರನ್ನು ಹಾಕೋಣ ಎಂದು ಹೆಸರುಗಳ ಪಟ್ಟಿ ನೋಡಲು ನಾನು ಕನ್ನಡಕ ಹುಡುಕುತ್ತಿದ್ದಾಗ ಅವಳು ನನ್ನ ಎದುರು ಬಂದು ನಿಂತಳು. "ಎಲ್ರಿಗೂ ಕೇಳ್ತೀರಲ್ಲ ಅತ್ತೆ. ನಿಮ್ಗೆ ಸಿಗದೇ ಇರೋದೇನು?"

ನನಗೇನು ಕಡಿಮೆ ಎಂದು ಹೇಳಲು ಹೊರಟವಳು ನಿಂತೆ. ನಿವೃತ್ತಿಯಾಗಿ, ಮಂಡಿನೋವು ಶುರುವಾದ ಮೇಲೆ ಎಲ್ಲರೂ ನನಗೆ ಹೇಳುವ ಮಾತು ಒಂದೇ, "ನೀವು ಕೂತ್ಕೊಳಿ." ಸಮೇತನಹಳ್ಳಿಯಲ್ಲಿ ನೆಂಟರ ಮದುವೆಗೆ ಹೋದರೆ ಒಳಗೆ ಕಾಲಿಡುವ ಮೊದಲೇ ಕುರ್ಚಿ ಬರುತ್ತದೆ. ಬಸ್ಸಿನಲ್ಲಿ ಹುಡುಗಿಯರು ಎದ್ದು ಜಾಗ ಕೊಡುತ್ತಾರೆ. ಮನೆಯಲ್ಲಂತೂ ಸೊಸೆ ಒಂದು ಲೋಟ ಎತ್ತಲು ಬಿಡುವುದಿಲ್ಲ. ಪ್ರೀತಿಯೇ, ಗೌರವವೇ. ಆದರೂ ಎಷ್ಟೆಂದು ಕೂರುವುದು?

"ಓಡ್ಬೇಕು ಕಣೇ" ಎಂದೆ.

ಆ ಭಾನುವಾರ ನಾನೂ ಒಳಗೆ ಕೂತೆ. ಹದಿನಾರು ವರ್ಷದ ಕಳ್ಳಿ ನಾನು, ಕೋಟೆಯ ಒಳಗಿನಿಂದ ಹಸಿದ ಮಕ್ಕಳಿಗಾಗಿ ಒಂದು ಮೂಟೆ ರಾಗಿ ಎತ್ತಿಕೊಂಡು ಗೋಡೆ ಹತ್ತಿದ್ದೇನೆ. ಸಿಂಧು ಕಾವಲುಗಾರನಾದಳು. ಮದುವೆಯಾಗಿ ಬಂದ ದಿನದಿಂದ ನನಗೆ ಬಹುವಚನ ಬಿಟ್ಟು ಒಂದು ಮಾತಾಡದ ಹುಡುಗಿ ಗಂಟಲು ಸರಿಮಾಡಿಕೊಂಡು ಕೂಗಿದಳು.

"ಲೇ! ಯಾರೇ ಅದು ಗೋಡೆ ಮೇಲೆ? ಇಳಿಯೇ ಕೆಳ್ಗೆ ಕಳ್ಳಿ!"

ನಡುಮನೆಯಲ್ಲಿ ನಮ್ಮ ಯಜಮಾನರ ಕೈಯಿಂದ ಪೇಪರ್ ಜಾರಿದ ಸದ್ದು ಕೇಳಿಸಿತು. ಕಂಪ್ಯೂಟರಿನೊಳಗಿಂದ ನೇತ್ರಾವತಿ "ಓಡಮ್ಮೋ!" ಎಂದು ಕಿರುಚಿದಳು. ದಾಳ ಉರುಳಿಸಿ ನೋಡಬೇಕಿತ್ತು, ನಿಯಮ ಹಾಗಿದೆ. ಆದರೆ ನಾನು ಆಗಲೇ ಜಿಗಿದಾಗಿತ್ತು.